ರೂಮ್‌ಮೇಟ್‌ಗೆ ಫ್ಲೂ, ನಾನೇನ್ ಮಾಡ್ಲಿ?

ಪ್ರಶ್ನೆ: ನಮ್ ಹಾಸ್ಟೆಲ್‌ನಲ್ಲಿ ಸುಮಾರು ಜನಕ್ಕೆ ಫ್ಲೂ ಬಂದಿದೆ, ನಿನ್ನೆಯಿಂದ ನನ್ ರೂಮ್‌ಮೇಟ್‌ಗೂ ಜ್ವರ, ಮೈಕೈ ನೋವು. ಅವಳನ್ನ ಬಿಟ್ಟು ಹೋಗೋಕೂ ಮನಸ್ಸಿಲ್ಲ, ಪರೀಕ್ಷೆ ಬೇರೆ ಹತ್ರ ಇದೆ. ಏನ್ ಮಾಡ್ಲಿ?

ಉತ್ತರ: ಬಿಟ್ಟು ಹೋಗ್ಬಾರ್ದು ಅನ್ನೋ ನಿಮ್ ಮನಸ್ಸು ದೊಡ್ಡದು, ಆದ್ರೆ ಸ್ವಲ್ಪ ದೂರ ಇರ್ಲೇಬೇಕು, ಯಾಕಂದ್ರೆ ಫ್ಲೂ ಲಕ್ಷಣ ಕಾಣೋಕೆ 1 ದಿನ ಮುಂಚೆಯಿಂದಲೇ ಹರಡುತ್ತೆ, ಆಮೇಲೂ 5-7 ದಿನ ಹರಡ್ತಾ ಇರುತ್ತೆ. ಮಂಚಗಳನ್ನ ಆದಷ್ಟು ದೂರ ಎಳ್ಕೊಂಡು ಒಬ್ರ ತಲೆ ಇರೋ ಕಡೆ ಇನ್ನೊಬ್ರ ಕಾಲು ಬರೋ ಹಾಗೆ ಮಲ್ಕೊಳಿ, ಕಿಟಕಿ ತೆಗೆದಿಡಿ, ಇಬ್ರೂ ಮಾಸ್ಕ್ ಹಾಕಿ. ಲೋಟ, ಟವೆಲ್, ಇಯರ್‌ಫೋನ್ ಬೇರೆ ಬೇರೆ. ಬಾಗಿಲ ಚಿಲಕ, ಬಾತ್‌ರೂಮಿನ ಕೊಳಾಯಿ ಮುಟ್ಟಿದ್ಮೇಲೆ 20 ಸೆಕೆಂಡ್ ಸೋಪ್ ಹಾಕಿ ಕೈ ತೊಳೀರಿ.

ಅವಳನ್ನ ಇವತ್ತೇ ಡಾಕ್ಟರಿಗೆ ತೋರಿಸಿ, ಬೇಕಾದ್ರೆ ಕೊಡೋ ಆಂಟಿವೈರಲ್ (ವೈರಸ್ ತಡೆಯೋ) ಮಾತ್ರೆ ಮೊದಲ 48 ಗಂಟೆಯೊಳಗೆ ಶುರು ಮಾಡಿದ್ರೇನೇ ಚೆನ್ನಾಗಿ ಕೆಲಸ ಮಾಡೋದು. ಯಾರ್ದೋ ಡ್ರಾಯರ್‌ನಲ್ಲಿ ಉಳಿದಿರೋ ಆಂಟಿಬಯಾಟಿಕ್ ಮಾತ್ರ ದಯವಿಟ್ಟು ಕೊಡ್ಬೇಡಿ, ವೈರಸ್‌ಗೆ ಅದು ಏನೂ ಮಾಡಲ್ಲ. ಜ್ವರದ ಮಾತ್ರೆ ಇಲ್ಲದೇನೇ 24 ಗಂಟೆ ಜ್ವರ ಬರ್ದೇ ಇದ್ರೆ ಮಾತ್ರ ಕ್ಲಾಸಿಗೆ ಹೋಗ್ಲಿ. ಉಸಿರಾಡೋಕೆ ಕಷ್ಟ, ಎದೆನೋವು, ಮಾತು ತಡಬಡ, ಅಥವಾ ಕಮ್ಮಿ ಆಗಿದ್ದ ಜ್ವರ ಮತ್ತೆ ಏರಿದ್ರೆ ರಾತ್ರಿ ಎಷ್ಟೇ ಹೊತ್ತಾಗಿರ್ಲಿ ವಾರ್ಡನ್‌ನ ಎಬ್ಬಿಸಿ ಆಸ್ಪತ್ರೆಗೆ ಕರ್ಕೊಂಡ್ ಹೋಗಿ.