ಕರ್ಫ್ಯೂ ರಾತ್ರಿಯ ಟ್ರ್ಯಾಕ್ 07

"ಸುತ್ತಲೂ ರಾಜಕೀಯ ಗಲಾಟೆ ನಡೀತಿರುವಾಗ ಹಾಡು ಕೇಳೋಕೆ ಮನಸ್ಸು ಬರುತ್ತಾ? ಸುಮ್ಮನೆ ಶಫಲ್ ಒತ್ತಿ ಬಿಟ್ಟು ನಿಮಗೆ ಏನಾದರೂ ಹೊಸದು ಸಿಕ್ಕಿದ್ದುಂಟಾ?" ಅಂತ ಕೇಳಿದ್ದೀರಿ.

ಮನಸ್ಸು ಬರಲ್ಲ. ಸಿಕ್ಕಿದ್ದು ಮಾತ್ರ ಉಂಟು, ಅದೂ ಬೇರೆ ದಾರಿಯಿಲ್ಲದೆ.

2016ರ ಸೆಪ್ಟೆಂಬರ್ 12, ಸೋಮವಾರ. ಆಗ ಬೆಂಗಳೂರಿನ ಚಂದ್ರಾ ಲೇಔಟ್‌ನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೆ. 15,000 ಕ್ಯುಸೆಕ್‌ನಂತೆ (ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ) ಹತ್ತು ದಿನ ತಮಿಳುನಾಡಿಗೆ ಕಾವೇರಿ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ 5ನೇ ತಾರೀಕು ಹೇಳಿತ್ತು. 9ರಂದು ಕರ್ನಾಟಕ ಬಂದ್ ಆಯಿತು. 12ರಂದು ಕೋರ್ಟು ಅದನ್ನು 12,000ಕ್ಕೆ ಇಳಿಸಿ, ಗಡುವನ್ನು 20ರವರೆಗೆ ಎಳೆಯಿತು. ಅವತ್ತೇ ಊರು ಹೊತ್ತಿಕೊಂಡಿತು. ನಾಯಂಡಹಳ್ಳಿ ಕಡೆ ತಮಿಳುನಾಡಿನ ಬಸ್ಸುಗಳು ನಿಂತಿದ್ದ ಡಿಪೋಗೆ ಬೆಂಕಿ ಇಟ್ಟರು. ನಮ್ಮ ತಾರಸಿಯಿಂದ ಹೊಗೆ ಕಾಣುತ್ತಿತ್ತು, ಟೈರು ಸುಟ್ಟ ವಾಸನೆ ಅಡುಗೆಮನೆಗೂ ಬಂತು. ಹೆಗ್ಗನಹಳ್ಳಿಯಲ್ಲಿ ಗೋಲಿಬಾರ್ ಆಗಿ ಒಬ್ಬರು ಸತ್ತರು. ರಾತ್ರಿ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ, ಅದರಲ್ಲಿ ನಮ್ಮದೂ ಒಂದು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಮಂಡ್ಯದವನು. ನಮ್ಮಪ್ಪನ ಒಂದೂವರೆ ಎಕರೆ ಕಾವೇರಿ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ತುತ್ತತುದಿಯಲ್ಲಿದೆ. ಮೇಲಿನವರೆಲ್ಲ ಕುಡಿದು ಮಿಕ್ಕಿದ್ದು ನಮಗೆ. ಆ ವಾರ ಅಪ್ಪನೂ ಹೋಗಿ ಹೆದ್ದಾರಿಯಲ್ಲಿ ಕೂತಿದ್ದ. ಆ ಆದೇಶ ನಮಗೆ ಮಾಡಿದ ಅನ್ಯಾಯ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತೆ. ಹಾಗಾಗಿ ಇದನ್ನು ಗಲಾಟೆಯಾಚೆ ನಿಂತು ನೋಡಿದವನ ಉತ್ತರ ಅಂದುಕೊಳ್ಳಬೇಡಿ.

ಸಂಜೆಯಿಂದ ಫೋನು ಹುಚ್ಚೆದ್ದಿತ್ತು. ಅಲ್ಲಿ ನಮ್ಮವರಿಗೆ ಹೊಡೆದ ವಿಡಿಯೊ, ಇಲ್ಲಿ ಅವರಿಗೆ ಹೊಡೆದ ವಿಡಿಯೊ, ಯಾವ ವರ್ಷದ್ದೋ ಯಾವ ಊರಿನದ್ದೋ ಗೊತ್ತಿಲ್ಲದ ಇನ್ನಷ್ಟು. ಒಂಬತ್ತು ಗಂಟೆಗೆ ಡೇಟಾ ಆಫ್ ಮಾಡಿದೆ. ಟಿವಿ ಇರಲಿಲ್ಲ. ಉಳಿದದ್ದು ಒಂದು ಹಳೇ ಲ್ಯಾಪ್‌ಟಾಪ್, 500 ಜಿಬಿಯ ಒಂದು ಹಾರ್ಡ್ ಡಿಸ್ಕ್.

ಆ ಡಿಸ್ಕಿನ ಬಗ್ಗೆ ಹೇಳದಿದ್ದರೆ ಶಫಲ್ ಮಾತಿಗೆ ಅರ್ಥವಿಲ್ಲ. ಅದರಲ್ಲಿ ನಾನೇ ಹಾಕಿಕೊಂಡಿದ್ದು ನಾಲ್ಕಾಣೆ ಭಾಗ ಇದ್ದರೆ ಹೆಚ್ಚು. ಮಿಕ್ಕಿದ್ದೆಲ್ಲ ಹಾಸ್ಟೆಲಿನಲ್ಲಿ, ಪೀಜಿಯಲ್ಲಿ, ಆಫೀಸಿನಲ್ಲಿ "ಮಗಾ, ಸಿನಿಮಾ ಇದ್ರೆ ಕೊಡು" ಅಂತ ಕೈಯಿಂದ ಕೈಗೆ ಹೋದಾಗ ಅಂಟಿಕೊಂಡು ಬಂದಿದ್ದು. ಧಾರವಾಡದ ಗೆಳೆಯ ಹಾಕಿದ್ದ ಮಲ್ಲಿಕಾರ್ಜುನ ಮನ್ಸೂರರ ಗಾಯನ, ಒಬ್ಬ ಗಿಟಾರ್ ಹುಚ್ಚನ ಪರದೇಶದ ಆಲ್ಬಮ್ಮುಗಳು, ಕುಂಭಕೋಣಂ ಕಡೆಯ ಹಳೇ ರೂಮ್‌ಮೇಟ್ ತುಂಬಿಸಿದ್ದ "ಅಪ್ಪಾ ಕ್ಯಾಸೆಟ್" ಅನ್ನೋ ಫೋಲ್ಡರ್. ವರ್ಷಗಟ್ಟಲೆ ನಾನು ಯಾವುದನ್ನೂ ತೆರೆದಿರಲಿಲ್ಲ. ಅವತ್ತು ಆರಿಸುವ ತಾಳ್ಮೆ ಇರಲಿಲ್ಲವಾದ್ದರಿಂದ ಇಡೀ ಡಿಸ್ಕನ್ನು ವಿಎಲ್‌ಸಿ ಪ್ಲೇಯರಿಗೆ ಎಳೆದು ಹಾಕಿ ಅಡ್ಡಾದಿಡ್ಡಿ ಬಾಣದ ಗುರುತು, ಅಂದರೆ ಶಫಲ್, ಒತ್ತಿದೆ.

ಮೊದಲು ಬಂದಿದ್ದು ಒಂದು ಗಿಟಾರು. ಒಂದೇ ಎಳೆ ಸುತ್ತಿ ಸುತ್ತಿ ಬರುತ್ತೆ, ಅದರ ಮೇಲೊಬ್ಬ ಮಾತಾಡಿದ ಹಾಗೆ ಹಾಡ್ತಾನೆ. ತಂಬೂರಿ ಹಿಡಿದು ಯಾರೋ ತತ್ವಪದ ಹೇಳ್ತಿದ್ದಾರೆ ಅಂದುಕೊಂಡೆ, ಆದರೆ ಒಂದಕ್ಷರ ಅರ್ಥವಾಗಲಿಲ್ಲ. ನೋಡಿದರೆ ಆಫ್ರಿಕಾದ ಮಾಲಿ ದೇಶದ ಅಲಿ ಫರ್ಕಾ ಟೂರೆ. ಆಮೇಲೆ ಓದಿಕೊಂಡೆ: ನೈಜರ್ ನದಿ ದಡದ ನಿಯಾಫುಂಕೆ ಅನ್ನೋ ಊರಿನವರು, ತನ್ನನ್ನು ಮೊದಲು ರೈತ ಅಂತಲೇ ಹೇಳಿಕೊಳ್ಳುತ್ತಿದ್ದರು, 2004ರಲ್ಲಿ ಆ ಊರಿನ ಮೇಯರೂ ಆದರು. ಅವರು ತೀರಿಕೊಂಡು ಆರು ವರ್ಷಕ್ಕೆ, 2012ರಲ್ಲಿ, ಮಾಲಿಯ ಉತ್ತರ ಭಾಗವನ್ನು ಹಿಡಿದುಕೊಂಡ ಬಂದೂಕಿನವರು ಅಲ್ಲಿ ಸಂಗೀತವನ್ನೇ ನಿಷೇಧಿಸಿದ್ದರು.

ಎರಡು ಮೂರು ಹಾಡಾದ ಮೇಲೆ ನಮ್ಮ ಅಣ್ಣಾವ್ರ ಹಳೇ ಚಿತ್ರಗಳ ದನಿ ಬಂತು. ಪಿ.ಬಿ. ಶ್ರೀನಿವಾಸ್. ಸಮಾಧಾನವಾಗಿ ವಾಲ್ಯೂಮ್ ಏರಿಸಿದೆ. ಎರಡನೇ ಸಾಲಿಗೆ ಗೊತ್ತಾಯಿತು, ಹಾಡು ತಮಿಳಿನದು. ನಮಗೆ ರಾಜಕುಮಾರ್ ದನಿಯಾದ ಪಿ.ಬಿ.ಎಸ್. ಅಲ್ಲಿ ನಟ ಜೆಮಿನಿ ಗಣೇಶನ್ ದನಿ.

ಕಿಟಕಿ ತೆರೆದಿತ್ತು. ಸಂಜೆ ನಮ್ಮ ಬೀದಿ ತುದಿಯಲ್ಲಿ ಹುಡುಗರು ಗಾಡಿಗಳ ನಂಬರ್ ಪ್ಲೇಟ್ ನೋಡಿ ನೋಡಿ ಬಿಡುತ್ತಿದ್ದುದನ್ನು ನಾನೇ ನೋಡಿದ್ದೆ. ಯೋಚನೆಗಿಂತ ಮೊದಲು ಕೈ ಹೋಗಿ ವಾಲ್ಯೂಮ್ ಇಳಿಸಿತ್ತು. ಅದೇ ದನಿ, ಅದೇ ಗಂಟಲು! ಅರ್ಧ ನಿಮಿಷದ ಹಿಂದೆ ಏರಿಸಿದ್ದೂ ಅದೇ ಕೈ.

ಮುಂದಿನದು 'ಪಲ್ಲವಿ ಅನುಪಲ್ಲವಿ'ಯ ಹಾಡು. ಕನ್ನಡ, ಹಾಗಾಗಿ ಮತ್ತೆ ಏರಿಸಿದೆ. ಏರಿಸಿದ ಮೇಲೆ ನನಗೇ ನಗು ಬಂತು. 1983ರ ಆ ಚಿತ್ರಕ್ಕೆ ಸಂಗೀತ ಇಳಯರಾಜ, ನಿರ್ದೇಶನ ಮಣಿರತ್ನಂ, ಅವರ ಮೊದಲ ಸಿನಿಮಾ. ಆ ಇಳಯರಾಜ ಕೆಲಸ ಕಲಿತದ್ದು ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರ ಸಹಾಯಕರಾಗಿ. ಅಣ್ಣಾವ್ರ ಹುಟ್ಟೂರು ಗಾಜನೂರೇ ಇವತ್ತು ತಮಿಳುನಾಡಿನಲ್ಲಿದೆ. ನನ್ನ ಕೈ ಹಾಕಿಕೊಂಡ ಚೆಕ್‌ಪೋಸ್ಟಿನಲ್ಲಿ ಯಾರನ್ನು ತಡೆಯೋದು, ಯಾರನ್ನು ಬಿಡೋದು?

ನಕ್ಕೆ ಅಂದೆ, ಆದರೆ ಆಮೇಲೂ ಕಿಟಕಿ ಮುಚ್ಚಿಯೇ ಕೇಳಿದ್ದು. ಧೈರ್ಯವಂತ ಅಂತ ಹೇಳಿಕೊಳ್ಳಲ್ಲ.

ಹನ್ನೆರಡು ದಾಟಿದ ಮೇಲೆ "ಟ್ರ್ಯಾಕ್ 07" ಬಂತು. ಹೆಸರಿಲ್ಲ, ಇಸವಿಯಿಲ್ಲ, ಕ್ಯಾಸೆಟ್ಟಿನ ಸರಸರ ಸದ್ದು. ಅದರೊಳಗಿಂದ ನಾಗಸ್ವರ. ನಾಗಸ್ವರ ಅಂದರೆ ನನ್ನ ಮಟ್ಟಿಗೆ ಮದುವೆಮನೆಯಲ್ಲಿ ತಾಳಿ ಕಟ್ಟುವಾಗಿನ ಗಟ್ಟಿಮೇಳ, ಅಷ್ಟೇ. ಇದು ಬೇರೆ. ಒಂದೇ ಸ್ವರದ ಮೇಲೆ ನಿಂತು, ಅದನ್ನು ಅಲ್ಲಾಡಿಸಿ, ಬಿಟ್ಟು ಹೊರಟ ಹಾಗೆ ಮಾಡಿ ಮತ್ತೆ ಅಲ್ಲಿಗೇ ಬರ್ತಾನೆ. ಎಷ್ಟು ಹೊತ್ತಾದರೂ ತಾಳ ಶುರುವಾಗಲ್ಲ. ನಡುವೆ ಯಾರೋ ಕೆಮ್ಮುತ್ತಾರೆ, ಪಾತ್ರೆ ಬೀಳುತ್ತೆ. ಹೊರಗೆ ಪೊಲೀಸ್ ಜೀಪು ಮೈಕಿನಲ್ಲಿ ಏನೋ ಹೇಳಿಕೊಂಡು ಹೋಯಿತು. ಇಪ್ಪತ್ತೆರಡು ನಿಮಿಷ ಅಲುಗಾಡದೆ ಕೂತಿದ್ದೆ.

ಮರುದಿನ ಮಂಗಳವಾರ ಬಕ್ರೀದ್, ಕರ್ಫ್ಯೂ ಇನ್ನೂ ಇತ್ತು. ಅದೇ ಫೋಲ್ಡರಿನಿಂದ ಒಂದು ಕೃತಿ ಬಂತು. ತೆಲುಗು, ಅದರಲ್ಲಿ ನನಗೆ ಸಲೀಸಾಗಿ ಸಿಕ್ಕಿದ ಪದ ಒಂದೇ: ಕಾವೇರಿ. ತ್ಯಾಗರಾಜರ 'ಸಾರಿ ವೆಡಲಿನ', ಅಸಾವೇರಿ ರಾಗ. ತನ್ನ ಒಡೆಯನನ್ನು ಕಾಣಲು ಹೊರಟ ಈ ಕಾವೇರಿಯನ್ನು ನೋಡಿರಮ್ಮ ಅನ್ನೋ ಅರ್ಥ. ಆ ಮನುಷ್ಯ ಬದುಕಿದ್ದು ತಿರುವೈಯಾರಿನಲ್ಲಿ, ಕಾವೇರಿ ದಡದಲ್ಲೇ. ನಾವು ಕ್ಯುಸೆಕ್ಕಿನಲ್ಲಿ ಅಳೆದು ಕಳಿಸೋ ನೀರು ಹೋಗಿ ಸೇರೋ ಜಾಗ ಅದು. ಅಪ್ಪನ ಬಾಯಲ್ಲಿ "ಅವರು" ಆಗಿದ್ದ ಆ ತಂಜಾವೂರು ಸೀಮೆಯಲ್ಲೇ ನಾಗಸ್ವರವೂ ಬೆಳೆದಿದ್ದು. ಅದರ ಬಾಯಿಗೆ ಸಿಕ್ಕಿಸೋ ಪುಟ್ಟ ಪೀಪಿಯನ್ನು ಕಾವೇರಿ ದಡದ ಜೊಂಡಿನಿಂದಲೇ ಮಾಡುತ್ತಾರೆ ಅಂತ ತಿಳಿದಿದ್ದು ಎಷ್ಟೋ ದಿನಗಳ ಮೇಲೆ.

ಸಂಗೀತ ಎಲ್ಲರನ್ನೂ ಒಂದು ಮಾಡುತ್ತೆ ಅಂತ ನಾನು ಹೇಳ್ತಿಲ್ಲ. ಅವತ್ತು ಯಾವ ಹಾಡೂ ಒಂದು ಬಸ್ಸನ್ನೂ ಉಳಿಸಲಿಲ್ಲ, ನಮ್ಮ ಗದ್ದೆಗೆ ಒಂದು ಬಿಂದಿಗೆ ನೀರನ್ನೂ ತರಲಿಲ್ಲ.

ನಿಮಗೆ ಪ್ರಯೋಜನವಾಗಬಹುದಾದ ಮಾತು ಶಫಲ್ ಬಗ್ಗೆ. 2023ರ ಸೆಪ್ಟೆಂಬರ್ 29, ಮತ್ತೆ ಕಾವೇರಿ, ಮತ್ತೆ ಕರ್ನಾಟಕ ಬಂದ್. ಈ ಸಲ ಸ್ಟ್ರೀಮಿಂಗ್ ಆ್ಯಪಿನಲ್ಲಿ ಶಫಲ್ ಒತ್ತಿದೆ. ಇಪ್ಪತ್ತು ಹಾಡು ಬಂದವು, ಇಪ್ಪತ್ತೂ ನಾನು ಮೊದಲೇ ಮೆಚ್ಚಿದವು. ಶಫಲ್ ಅನ್ನೋದು ಇಸ್ಪೀಟು ಕಲಸಿದ ಹಾಗೆ, ಕಟ್ಟಿನಲ್ಲಿ ಇಲ್ಲದ ಎಲೆ ಕೈಗೆ ಬರಲ್ಲ. ಅದರ ಮೇಲೆ ಕಂಪನಿಗಳು ಕಲಸುವ ರೀತಿಯನ್ನೂ ತಿದ್ದಿವೆ. ನಿಜವಾಗಿ ಕಲಸಿದರೆ ಒಬ್ಬನೇ ಗಾಯಕ ಮೂರು ಸಲ ಸಾಲಾಗಿ ಬಂದುಬಿಡಬಹುದು, ಆಗ ಜನ "ಇದು ಕೆಟ್ಟಿದೆ" ಅಂತಾರೆ. ಆಪಲ್ 2005ರಲ್ಲಿ, ಸ್ಪಾಟಿಫೈ 2014ರಲ್ಲಿ ಅದನ್ನು ಸರಿಪಡಿಸಿ, ಒಬ್ಬನೇ ಗಾಯಕನ ಹಾಡುಗಳು ದೂರ ದೂರ ಬೀಳುವ ಹಾಗೆ ಮಾಡಿದವು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಟ್ಟೇ ನಿಮ್ಮದಾದರೆ ಎಷ್ಟು ಕಲಸಿದರೇನು? ನಿಮಗಿಂತ ಬೇರೆ ರುಚಿಯ ನಾಲ್ಕು ಜನರಿಂದ ಅವರ ಫೋಲ್ಡರೋ ಪ್ಲೇಲಿಸ್ಟೋ ಬೇಡಿ ತನ್ನಿ. ಒಟ್ಟಿಗೆ ಸುರಿದು ಆಮೇಲೆ ಬಾಣದ ಗುರುತು ಒತ್ತಿ. ಬಂದಿದ್ದನ್ನು ಐದು ನಿಮಿಷವಾದರೂ ಮುಂದಕ್ಕೆ ಹಾರಿಸಬೇಡಿ. ಇಂಟರ್ನೆಟ್ ಬಂದ್ ಇರಲಿ.

ಬುಧವಾರ ಡೇಟಾ ಆನ್ ಮಾಡಿದ ಕೂಡಲೇ ಟ್ರ್ಯಾಕ್ 07ನ್ನು ಆ ರೂಮ್‌ಮೇಟ್‌ಗೆ ಕಳಿಸಿ, ಇದು ಯಾವ ದೊಡ್ಡ ವಿದ್ವಾಂಸರದ್ದು, ಯಾವ ರಾಗ ಅಂತ ಕೇಳಿದೆ. ಎರಡು ವರ್ಷದಿಂದ ಮಾತಿರಲಿಲ್ಲ. ಆ ವಾರ ಮೊದಲ ಮೆಸೇಜು ಹಾಕೋಕೆ ಇಬ್ಬರಿಗೂ ಅಳುಕಿತ್ತು ಅಂತ ಆಮೇಲೆ ಅವನೇ ಹೇಳಿದ. ಉತ್ತರ ಬಂದಿದ್ದು ಅವನ ಪೀಜಿ ಕನ್ನಡದಲ್ಲಿ:

"ತೋಡಿ ಮಗಾ. ಅದು ನಮ್ ಅತ್ತೆ ಮದುವೆ. ಊದಿದ್ದು ಪಕ್ಕದೂರಿನೋರು. ಕೆಮ್ಮಿದ್ದು ನಮ್ ತಾತ."