ಹೆಂಡತಿಯ ವ್ಯಾಪಾರದ ಬಗ್ಗೆ ಕೇಳಿದ ಶಿರಸಿಯ ತಮ್ಮನಿಗೆ

ತಮ್ಮಾ, ಬಾಡಿಗೆ, ಚಳಿ, ಅಕ್ಕಿಯ ಬೆಲೆ ಎಲ್ಲವನ್ನೂ ವಿಚಾರಿಸಿ ಪತ್ರದ ಕೊನೆಗೆ ಒಂದು ಮಾತು ಸೇರಿಸಿದ್ದೀಯ: "ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದ ನನ್ನ ಹೆಂಡತಿ ಇಂಗ್ಲೆಂಡಿಗೆ ಬಂದರೆ ವ್ಯಾಪಾರ ಮುಂದುವರಿಸಬಹುದೇ ಅಕ್ಕಾ? ನಾನು ಏನು ಮಾಡಬೇಕು?" ಉಳಿದದ್ದು ಆಮೇಲೆ, ಮೊದಲು ಇದಕ್ಕೇ ಉತ್ತರಿಸುತ್ತೇನೆ.

ಖಂಡಿತ ಮುಂದುವರಿಸಬಹುದು. ನಿನ್ನ ಸ್ಕಿಲ್ಡ್ ವರ್ಕರ್ ವೀಸಾದ (ಇಲ್ಲಿ ನೌಕರಿಗೆಂದು ಕೊಡುವ ವೀಸಾ) ಮೇಲೆ ಜೊತೆಗೆ ಬರುವ ಹೆಂಡತಿಗೆ ಇಲ್ಲಿ ನೌಕರಿಗೂ ಸ್ವಂತ ವ್ಯಾಪಾರಕ್ಕೂ ಅವಕಾಶವಿದೆ. ಅಮೆರಿಕದಲ್ಲಿ ನೌಕರಿಗೆ ಹೋದ ಗಂಡನ ಜೊತೆ ಎಚ್-4 ವೀಸಾದ ಮೇಲೆ ಹೋಗುವ ಹೆಂಗಸರು ಬೇರೆ ಪರವಾನಗಿ ಇಲ್ಲದೆ ದುಡಿಯುವಂತಿಲ್ಲ. ಆ ಕಷ್ಟ ಇಲ್ಲಿಲ್ಲ. ಮನೆಯಲ್ಲಿ ತಯಾರಿಸಿ ಮಾರುವುದಾದರೆ 28 ದಿನ ಮುಂಚೆ ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು, ಶುಲ್ಕವಿಲ್ಲ. ಲೇಬಲ್ ವಿಷಯದಲ್ಲಿ ಮಾತ್ರ ಬಹಳ ಜಾಗ್ರತೆ ಬೇಕು. ಇಲ್ಲಿ ಕಡ್ಡಾಯವಾಗಿ ತಿಳಿಸಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಸಾಸಿವೆಯೂ ಒಂದು. ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಅದನ್ನೂ ಎದ್ದು ಕಾಣುವಂತೆ ನಮೂದಿಸಬೇಕು.

ಕಾನೂನಿನ ಕೆಲಸ ಇಷ್ಟೇ. ತಡೆ ಇರುವುದು ಬೇರೆ ಕಡೆ. ಬಿಳಿಯರ ದೇಶದಲ್ಲಿ ಹೆಣ್ಣಿಗೆ ಎಲ್ಲ ಬಾಗಿಲೂ ತೆರೆದಿರುತ್ತದೆ ಎಂದು ನಮ್ಮ ಜಿಲ್ಲೆಯವರು ನಂಬುತ್ತಾರೆ, ನೀನು ನಂಬಬೇಡ. ಹೊಸ ಉದ್ಯಮಗಳಿಗೆ ಹೋಗುವ ಪ್ರತಿ ಒಂದು ಪೌಂಡ್ ಸಾಹಸ ಬಂಡವಾಳದಲ್ಲಿ ಮಹಿಳೆಯರೇ ಕಟ್ಟಿದ ತಂಡಗಳಿಗೆ ಸಿಗುವುದು ಒಂದು ಪೆನ್ನಿಗಿಂತ (ಪೌಂಡಿನ ನೂರನೇ ಒಂದು ಭಾಗ) ಕಡಿಮೆ ಎಂದು ಇಲ್ಲಿನ ಸರ್ಕಾರಿ ಸ್ವಾಮ್ಯದ ಬ್ರಿಟಿಷ್ ಬಿಸಿನೆಸ್ ಬ್ಯಾಂಕಿನ 2019ರ ವರದಿಯೇ ಹೇಳಿತ್ತು. ಅದೇ ವರ್ಷ ಸರ್ಕಾರ ಬ್ಯಾಂಕ್ ಅಧಿಕಾರಿ ಅಲಿಸನ್ ರೋಸ್ ಅವರಿಂದ ಮಹಿಳೆಯರ ಉದ್ಯಮಗಳ ಬಗ್ಗೆ ಮಾಡಿಸಿದ ಪರಿಶೀಲನೆಯೂ ಹಣದ ಕೊರತೆಯ ಜೊತೆಗೆ ಮನೆ ಮಕ್ಕಳ ಹೊರೆಯನ್ನು ಎತ್ತಿ ತೋರಿಸಿತು. ಉಪ್ಪಿನಕಾಯಿ ಬಾಟಲಿಗೆ ಆ ದೊಡ್ಡ ಬಂಡವಾಳ ಬೇಡ ನಿಜ, ಆದರೆ ಮನೆ ಮಕ್ಕಳ ಹೊರೆ ಇದ್ದೇ ಇದೆ.

ನಮ್ಮ ಕಾರವಾರದ ಮೀನು ಮಾರುಕಟ್ಟೆಯಲ್ಲಿ ದರ ಕಟ್ಟುವವಳು, ಗಿರಾಕಿಯನ್ನು ಅಳೆಯುವವಳು, ಸಾಲದ ಲೆಕ್ಕ ಬಾಯಲ್ಲೇ ಇಟ್ಟುಕೊಳ್ಳುವವಳು ಹೆಣ್ಣು. ದೋಣಿ ಮಾತ್ರ ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿ. ನಿಮ್ಮ ಶಿರಸಿ ಸೀಮೆಯಲ್ಲಿ ರಾತ್ರಿ ಕುಳಿತು ಅಡಿಕೆ ಸುಲಿಯುವ ಕೈಗಳೂ ಹೆಂಗಸರವೇ, ಸೊಸೈಟಿಯ ಖಾತೆ ಯಾರದ್ದು ಎಂದು ನಿನಗೇ ಗೊತ್ತು. ನಿನ್ನ ಹೆಂಡತಿಯ ಉಪ್ಪಿನಕಾಯಿಯ ಹಣ ಇಷ್ಟು ವರ್ಷ ಯಾರ ಖಾತೆಗೆ ಬರುತ್ತಿತ್ತು? ಈ ಅಭ್ಯಾಸವನ್ನು ವಿಮಾನ ಹತ್ತಿಸಿ ತರಬೇಡ. ಬಾಡಿಗೆ ಕರಾರಿನಲ್ಲಿ ಮೊದಲ ದಿನವೇ ಇಬ್ಬರ ಹೆಸರನ್ನೂ ಬರೆಸು, ಕರೆಂಟ್ ಬಿಲ್ಲು ಅವಳ ಹೆಸರಿಗೆ ಬರಲಿ. ವಿಳಾಸದ ಪುರಾವೆ ಇಲ್ಲದೆ ಬ್ಯಾಂಕ್ ಖಾತೆ ಕಷ್ಟ, ತನ್ನ ಹೆಸರಿನಲ್ಲಿ ಹಣಕಾಸಿನ ಇತಿಹಾಸ ಇಲ್ಲದವಳಿಗೆ ಸಾಲವಂತೂ ದೂರ.

ನಾನು ಅಡುಗೆಯ ವ್ಯಾಪಾರ ಶುರು ಮಾಡಿದಾಗ ಬ್ಯಾಂಕಿನ ಅಧಿಕಾರಿ ಪ್ರಶ್ನೆಗಳನ್ನೆಲ್ಲ ಪಕ್ಕದಲ್ಲಿದ್ದ ನಮ್ಮವರಿಗೇ ಕೇಳಿದರು. ನಮ್ಮವರು ಪ್ರತಿ ಸಲವೂ "ವ್ಯಾಪಾರ ಅವಳದ್ದು, ಅವಳನ್ನು ಕೇಳಿ" ಎಂದರೇ ಹೊರತು ಗೊತ್ತಿದ್ದ ಉತ್ತರವನ್ನೂ ಕೊಡಲಿಲ್ಲ. ಆ ಸಂಯಮ ನನಗೆ ಸಾವಿರ ಹೊಗಳಿಕೆಗಿಂತ ದೊಡ್ಡದು. ಯುಗಾದಿ ಕೂಟದಲ್ಲಿ ಯಾರಾದರೂ ನಿನ್ನ ಹತ್ತಿರ ಬಾಟಲಿಯ ದರ ಕೇಳಿದರೆ ಅವಳ ನಂಬರ್ ಕೊಡು. ಸ್ನೇಹಿತರಿಗೆಂದು ನೀನೇ ದರ ಇಳಿಸಬೇಡ. "ಹೊತ್ತು ಹೋಗಲೆಂದು ಮಾಡುತ್ತಾಳೆ" ಎಂದು ನಗುತ್ತಾ ಹೇಳುವ ಗಂಡಸರನ್ನು ನೀನೂ ಇಲ್ಲಿ ಬೇಕಾದಷ್ಟು ನೋಡುತ್ತೀಯ. ಆ ಮಾತಿಗೆ ಅಲ್ಲೇ ಎದುರಾಡು, ಅವಳು ಕೇಳಿಸಿಕೊಳ್ಳುವಂತೆ.

ಮಗುವಿಗೆ ಮೂರು ತುಂಬಿದೆ ಎಂದಿದ್ದೀಯ. ಇಂಗ್ಲೆಂಡಿನಲ್ಲಿ ಮೂರು-ನಾಲ್ಕು ವರ್ಷದ ಮಕ್ಕಳಿಗೆ ವರ್ಷದಲ್ಲಿ 38 ವಾರ, ವಾರಕ್ಕೆ 15 ಗಂಟೆ ಶಿಶುವಿಹಾರ ಉಚಿತ. ಅಷ್ಟು ಹೊತ್ತು ಮಾತ್ರ ಸಿಕ್ಕರೆ ಯಾವ ವ್ಯಾಪಾರವೂ ನೆಲೆಯೂರುವುದಿಲ್ಲ. ಸಂತೆ ಸೇರುವುದು ಶನಿವಾರ, ಅಂದು ಮಗುವಿನ ಊಟ, ಸ್ನಾನ, ಜ್ವರ ಎಲ್ಲ ನಿನ್ನದು, ಮಧ್ಯೆ ಅವಳಿಗೆ ಫೋನ್ ಮಾಡದೆ.

ಅಪ್ಪೆಮಿಡಿ ಇಲ್ಲದ ಊರಿನಲ್ಲಿ ಏನು ಹಾಕುವುದು, ನಿಂಬೆಯೋ ನೆಲ್ಲಿಯೋ, ಅದು ಅವಳು ತೀರ್ಮಾನಿಸಬೇಕಾದ ವಿಷಯ. ಇಲ್ಲಿನ ಬಾಟಲಿಯ ಖರ್ಚು, ಸಂತೆಯ ಜಾಗದ ಬಾಡಿಗೆ ಎಲ್ಲ ವಿವರವಾಗಿ ಹೇಳುತ್ತೇನೆ, ಆದರೆ ನಿನಗಲ್ಲ. ಮುಂದಿನ ಪತ್ರ ಅವಳೇ ಬರೆಯಲಿ.