ಮಾತ್ರೆ ಬಿಟ್ಟಿಲ್ಲ ಅಂತ ಸಭೇಲಿ ಹೇಗೆ ಹೇಳ್ಲಿ?

ಪ್ರಶ್ನೆ: ಅಕ್ಕ, ವಂದನೆಗಳು. ನಂಗೆ 34 ವರ್ಷ, ನಮ್ಮ ಚರ್ಚ್ ಸಭೆಯ ಕ್ವಾಯರ್‌ನಲ್ಲಿ ಹಾಡ್ತೀನಿ. ಎರಡು ವರ್ಷದಿಂದ ಡಿಪ್ರೆಶನ್‌ಗೆ ಮಾತ್ರೆ ತಗೋತಿದೀನಿ. ಹೋದ ವರ್ಷ ಉಜ್ಜೀವನ ಕೂಟದಲ್ಲಿ, ದೇವರು ನನಗೇನು ಮಾಡಿದ ಅಂತ ಎಲ್ಲರ ಮುಂದೆ ಸಾಕ್ಷಿ ಹೇಳೋಕೆ ಕರೆದ್ರು, ಮೈಕ್ ಕೈಗೆ ಬಂತು, ಎಲ್ರೂ ಹಲ್ಲೆಲೂಯ ಅಂತಿದ್ರು, ನಾನು 'ದೇವರು ನನ್ನ ಪೂರ್ತಿ ವಾಸಿ ಮಾಡಿದಾನೆ, ಈಗ ಒಂದು ಮಾತ್ರೆನೂ ಇಲ್ಲ' ಅಂದ್ಬಿಟ್ಟೆ. ಸುಳ್ಳು ಅಕ್ಕ. ಮಾತ್ರೆ ಅಕ್ಕಿ ಡಬ್ಬದೊಳಗೆ ಇಡ್ತೀನಿ, ಖಾಲಿ ಸ್ಟ್ರಿಪ್ ಪೇಪರಲ್ಲಿ ಸುತ್ತಿ ಆಫೀಸಿಗೆ ಹೋಗೋ ದಾರೀಲಿ ಬಿಸಾಕ್ತೀನಿ, ಅತ್ತೆ ಕಣ್ಣಿಗೆ ಬೀಳಬಾರ್ದು ಅಂತ. ಈಗ ನಮ್ಮ ಸಭೆಯ ಒಬ್ಬ ಆಂಟಿ ನನ್ನ ಸಾಕ್ಷಿ ಕೇಳಿ ಬಿಪಿ ಮಾತ್ರೆ ನಿಲ್ಲಿಸಿದಾರಂತೆ. ನಾನೂ ಮಾತ್ರೆ ಬಿಟ್ಬಿಟ್ರೆ ಹೇಳಿದ್ದು ನಿಜ ಆಗುತ್ತಲ್ಲ ಅಂತಾನೂ ಅನ್ಸುತ್ತೆ. ನಾನು ಕಪಟಿನಾ? (ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ತಂಗಿ, ಮೊದಲು ಮಾತ್ರೆ ವಿಷಯ. ಬಿಡಬೇಡಿ. ಸುಳ್ಳನ್ನ ನಿಜ ಮಾಡೋಕೆ ಅಂತ ಮೈಯನ್ನ ಬಲಿ ಕೊಡೋದು ಪ್ರಾಮಾಣಿಕತೆ ಅಲ್ಲ. ಆ ಮಾತ್ರೆಗಳನ್ನ ಒಮ್ಮೆಗೇ ನಿಲ್ಲಿಸಿದ್ರೆ ತಲೆ ಸುತ್ತೋದು, ನಿದ್ದೆ ಕೆಡೋದು, ಕಾಯಿಲೆ ಮತ್ತೆ ತಿರುಗಿ ಬರೋದು ಎಲ್ಲಾ ಆಗ್ಬಹುದು, ಕಮ್ಮಿ ಮಾಡೋದಿದ್ರೂ ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಮಾಡಬೇಕು.

ಎರಡನೇದು, ಈ ಪತ್ರಿಕೆ ಕೈಗೆ ಬಂದ ದಿನಾನೇ ಆ ಆಂಟಿ ಮನೆಗೆ ಹೋಗಿ. ಭಾನುವಾರದವರೆಗೆ ಕಾಯಬೇಡಿ, ಫೋನಲ್ಲಿ ಮುಗಿಸಬೇಡಿ. ಬಿಪಿ ಒಳಗೊಳಗೇ ಏರುತ್ತೆ, ಏರಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ, ಸ್ಟ್ರೋಕ್ ಆದ್ಮೇಲೆ ಗೊತ್ತಾಗುತ್ತೆ. 'ಆಂಟಿ, ನಾನು ಅವತ್ತು ಹೇಳಿದ್ದು ಸುಳ್ಳು, ನಾನಿನ್ನೂ ಮಾತ್ರೆ ತಗೋತಿದೀನಿ' ಅಂತ ನಿಮ್ಮ ಸ್ಟ್ರಿಪ್ ತೋರ್ಸಿ, ಅವರನ್ನ ಕರ್ಕೊಂಡು ಹೋಗಿ ಬಿಪಿ ಚೆಕ್ ಮಾಡ್ಸಿ. ಅವರು ಬೈದ್ರೆ ಬೈಸ್ಕೊಳ್ಳಿ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯದ ಅನನೀಯ ಸಪ್ಫೈರರ ಕಥೆ ನಿಮಗೆ ಗೊತ್ತಿರುತ್ತೆ, ಗಂಡ ಹೆಂಡತಿ ಹೊಲ ಮಾರಿ ಸ್ವಲ್ಪ ದುಡ್ಡು ಇಟ್ಕೊಂಡು ಉಳಿದದ್ದನ್ನ ಸಭೆಗೆ ಕೊಟ್ರು. ದುಡ್ಡು ಇಟ್ಕೊಂಡಿದ್ದೇ ತಪ್ಪು ಅಂತ ಸುಮಾರು ಜನ ಅಂದ್ಕೊಂಡಿದಾರೆ ಆದ್ರೆ ಅಪೊಸ್ತಲ ಪೇತ್ರ ಹೇಳಿದ್ದನ್ನ ಸರಿಯಾಗಿ ಓದಿ, ಮಾರೋಕೆ ಮುಂಚೆ ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೂ ದುಡ್ಡು ನಿನ್ನ ಕೈಯಲ್ಲೇ ಇತ್ತು ಅಂತಾನೆ. ಪೂರ್ತಿ ಕೊಡು ಅಂತ ಯಾರೂ ಕೇಳಿರ್ಲಿಲ್ಲ. ಸ್ವಲ್ಪ ಕೊಟ್ಟು ಎಲ್ಲಾ ಕೊಟ್ಟೆ ಅಂದಿದ್ದೇ ತಪ್ಪು. ನಿಮ್ಮದೂ ಹಾಗೇನೇ, ಮಾತ್ರೆ ತಗೊಂಡಿದ್ದು ಪಾಪ ಅಲ್ಲವೇ ಅಲ್ಲ, ಇಲ್ಲ ಅಂದಿದ್ದು ತಪ್ಪು.

ಮಾತ್ರೆ ತಗೊಂಡ್ರೆ ವಿಶ್ವಾಸ ಕಮ್ಮಿ ಅನ್ನೋ ಮಾತು ಎಲ್ಲಿಂದ ಬಂತೋ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ. ಅಪೊಸ್ತಲ ಪೌಲನ ಜೊತೆಗಿದ್ದ ಲೂಕ ವೈದ್ಯ, ಕೊಲೊಸ್ಸೆಯವರ ಪತ್ರದಲ್ಲಿ ಪ್ರಿಯ ವೈದ್ಯ ಅಂತಾನೇ ಬರೆದಿದೆ. ಪೌಲನ ಶಿಷ್ಯ ತಿಮೊಥೆಯನಿಗೆ ಹೊಟ್ಟೆ ಸರಿಯಿರ್ಲಿಲ್ಲ, ಪದೇ ಪದೇ ಕಾಯಿಲೆ ಬೀಳ್ತಿದ್ದ, ಅವನಿಗೆ ಪೌಲ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಜೊತೆಗಾರ ತ್ರೊಫಿಮ ಕಾಯಿಲೆ ಬಿದ್ದಿದ್ದ, ಅವನನ್ನ ಮಿಲೇತ ಅನ್ನೋ ಊರಲ್ಲಿ ಬಿಟ್ಟು ಬಂದೆ ಅಂತ ಪೌಲ ಮುಚ್ಚಿಡದೆ ಬರೆದ, ವಾಸಿ ಆದ ಅಂತ ಕಥೆ ಕಟ್ಟಲಿಲ್ಲ. ತನ್ನ ಮೈಯಲ್ಲೇ ನಾಟಿದ್ದ ಶೂಲ ತೆಗಿ ಅಂತ ಮೂರು ಸಲ ಬೇಡಿಕೊಂಡ, ನನ್ನ ಕೃಪೆಯೇ ನಿನಗೆ ಸಾಕು ಅಂತ ಉತ್ತರ ಬಂತು, ಅದನ್ನೂ ಬರೆದಿಟ್ಟ. ಇನ್ನು ಮಿಷನ್ ಆಸ್ಪತ್ರೆಗಳನ್ನ ಕಟ್ಟಿದವರು ಯಾರು, ಪ್ರಾರ್ಥನೆ ಮಾಡೋರೇ ಅಲ್ವಾ. 1900ರಲ್ಲಿ ವೆಲ್ಲೂರಿನಲ್ಲಿ ಮಿಷನರಿ ಡಾಕ್ಟರ್ ಐಡಾ ಸ್ಕಡ್ಡರ್ ಒಂದೇ ಹಾಸಿಗೆಯ ಕ್ಲಿನಿಕ್ ಶುರು ಮಾಡಿದ್ರು, ಇವತ್ತು ನಮ್ಮ ಕಡೆಯಿಂದಲೂ ಜನ ರೈಲು ಹತ್ತಿ ಅಲ್ಲಿಗೆ ಹೋಗ್ತಾರಲ್ಲ, ಅದೇ ಸಿಎಂಸಿ ಆಸ್ಪತ್ರೆ.

ನಾನೂ ಇಂಥದ್ದೇ ಮಾಡಿದೀನಿ, ಅದಕ್ಕೇ ನಿಮ್ಮ ಪತ್ರ ಎರಡು ಸಲ ಓದಿದೆ. ಸುಮಾರು ವರ್ಷದ ಹಿಂದೆ ಮೂರು ದಿನದ ಉಪವಾಸ ಪ್ರಾರ್ಥನೆ, ನಾನೇ ನಡೆಸ್ತಿದ್ದೆ, ನಂಗೆ ಗ್ಯಾಸ್ಟ್ರಿಕ್ ಇದ್ದಿದ್ದಕ್ಕೆ ಮನೇಲಿ ಬಾಗಿಲು ಹಾಕ್ಕೊಂಡು ಗಂಜಿ ಕುಡಿದು ಬಂದು ಒಣ ಬಾಯಿ ಮಾಡ್ಕೊಂಡು ಕೂರ್ತಿದ್ದೆ. ಎರಡನೇ ದಿನ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಮೆಟ್ಟಿಲ ಹತ್ರ ಕಣ್ಣು ಕತ್ತಲೆ ಬಂದು ಕೂತ್ಬಿಟ್ರು. ಅವರ ಕೈ ತಣ್ಣಗಿತ್ತು, ಬಳೆ ಮಣಿಕಟ್ಟಿಂದ ಮೊಣಕೈವರೆಗೂ ಜಾರ್ತಿತ್ತು. ಸಕ್ಕರೆ ನೀರು ಕುಡಿಸ್ತಾ ಅಲ್ಲೇ ಹೇಳ್ಬಿಟ್ಟೆ, ಅಜ್ಜಿ, ನಾನು ಬೆಳಿಗ್ಗೆ ಗಂಜಿ ಕುಡಿದಿದೀನಿ ಅಂತ. ಅವರು ನನ್ನ ಮುಖ ನೋಡಿ, 'ಮೊದ್ಲೇ ಹೇಳಬಾರ್ದಿತ್ತಾ ಮಗಳೇ, ನಾನೂ ಒಂದು ಲೋಟ ಕುಡಿದು ಬರ್ತಿದ್ದೆ' ಅಂದ್ರು. ಅಷ್ಟೇ. ಬುಧವಾರದ ಕೂಟದಲ್ಲಿ ಎಲ್ಲರ ಮುಂದೆ ಎದ್ದು ನಿಂತು ಇದನ್ನ ಹೇಳುವಾಗ ಕಾಲು ನಡುಗಿದ್ದು ಇನ್ನೂ ನೆನಪಿದೆ.

ಆಂಟಿಗೆ ಹೇಳಿ ಆದ್ಮೇಲೆ ನಿಮ್ಮ ಮನೆಯವರಿಗೆ ಹೇಳಿ, ಆಮೇಲೆ ಪಾಸ್ಟರ್ ಹತ್ರ ಹೋಗಿ. ನಿಮ್ಮ ಕಾಯಿಲೆ ವಿವರ ಎಲ್ಲಾ ಊರಿಗೆ ಹೇಳ್ಬೇಕು ಅಂತಿಲ್ಲ, ಡಾಕ್ಟರ್ ಹತ್ರ ಆಡಿದ ಮಾತು ನಿಮ್ಮದು. ಆದ್ರೆ ಸುಳ್ಳು ಹೇಳಿದ್ದು ಮೈಕಲ್ಲಿ, ಕೇಳಿ ಮಾತ್ರೆ ಬಿಟ್ಟವರು ಇನ್ನೂ ಎಷ್ಟು ಜನ ಇದಾರೋ, ಹಾಗಾಗಿ ಮೈಕಲ್ಲೇ ತಿದ್ದಬೇಕು. 'ನಾನು ಇನ್ನೂ ಮಾತ್ರೆ ತಗೋತಿದೀನಿ, ಇಲ್ಲ ಅಂದಿದ್ದು ತಪ್ಪಾಯ್ತು, ನೀವು ಯಾರೂ ಡಾಕ್ಟರನ್ನ ಕೇಳದೆ ಬಿಡಬೇಡಿ.' ಇಷ್ಟು ಸಾಕು. ಪಾಸ್ಟರ್ ಬೇಡಮ್ಮ, ಸಭೆಗೆ ಕೆಟ್ಟ ಹೆಸರು ಅಂದ್ರೆ, ಆಂಟಿಯ ಬಿಪಿ ಎಷ್ಟಿತ್ತು ಅಂತ ಅವರಿಗೆ ಹೇಳಿ. ಕಪಟಿ ಆಗಿದ್ರೆ ಈ ಪತ್ರ ಬರೀತಿರ್ಲಿಲ್ಲ ನೀವು. ಮತ್ತೆ ಆ ಮಾತ್ರೇನ ಅಕ್ಕಿ ಡಬ್ಬದಿಂದ ತೆಗೆದು ಟೇಬಲ್ ಮೇಲೆ ಇಡಿ.

ಪ್ರಶ್ನೆ: ಸಂಡೇ ಸ್ಕೂಲ್‌ನಲ್ಲಿ ಪಾಠ ಹೇಳ್ತೀನಿ, ಆದ್ರೆ ಸುಮಾರು ತಿಂಗಳಿಂದ ಪ್ರಾರ್ಥನೆ ಮಾಡುವಾಗ ಏನೂ ಅನ್ಸಲ್ಲ, ಗೋಡೆ ಹತ್ರ ಮಾತಾಡಿದ ಹಾಗಿರುತ್ತೆ. ಮಕ್ಕಳಿಗೆ ಮೋಸ ಮಾಡ್ತಿದೀನಾ? (ಒಬ್ಬ ಓದುಗ, ಮೈಸೂರು)

ಉತ್ತರ: ಇಲ್ಲ ತಮ್ಮಾ. ಮದರ್ ತೆರೇಸಾ ತೀರಿಕೊಂಡಿದ್ದು 1997ರಲ್ಲಿ, 2007ರಲ್ಲಿ ಅವರ ಪತ್ರಗಳು ಪುಸ್ತಕವಾಗಿ ಬಂದಾಗ ಜನಕ್ಕೆ ಗೊತ್ತಾಯ್ತು, ಎಷ್ಟೋ ದಶಕ ಅವರಿಗೂ ಒಳಗೆ ಬರೀ ಕತ್ತಲೆ, ದೇವರು ಹತ್ರ ಇದಾನೆ ಅಂತಾನೇ ಅನ್ಸ್ತಿರ್ಲಿಲ್ಲ. ಆಗ ಕೆಲವರು ಅವರದ್ದು ನಾಟಕ ಅಂದ್ರು, ನಾನು ಒಪ್ಪಲ್ಲ. ತಮ್ಮ ಗುರುಗಳಿಗೆ ಅವರು ಇದನ್ನ ಮುಚ್ಚಿಡದೆ ಬರೀತಿದ್ರು, ಬೆಳಿಗ್ಗೆ ಎದ್ದು ರೋಗಿಗಳ ಹತ್ರ ಹೋಗೋದನ್ನೂ ಬಿಡಲಿಲ್ಲ. ಅನ್ಸದೇ ಇರೋದು ಕಪಟ ಅಲ್ಲ, ಅನ್ಸದೇ ಇರೋದನ್ನ ಅನ್ಸ್ತಿದೆ ಅಂತ ಕಣ್ಣೀರು ಹಾಕಿ ತೋರಿಸಿದ್ರೆ ಅದು ಕಪಟ. ನಂಬಿಕಸ್ತರು ಒಬ್ಬರ ಹತ್ರ ಇದನ್ನ ಹೇಳಿ, ಪಾಠ ನಿಲ್ಲಿಸಬೇಡಿ. ಮಕ್ಕಳು ಕೇಳಿದ್ರೆ 'ನಂಗೂ ಕೆಲವು ದಿನ ಏನೂ ಅನ್ಸಲ್ಲ ಪುಟ್ಟಾ' ಅಂತ ಹೇಳಿ, ಅವರಿಗೂ ಹಾಗೇ ಆಗ್ತಿರುತ್ತೆ.

ಪ್ರಶ್ನೆ: ಸಂಬಳದ ಜೊತೆ ಗಿಂಬಳವೂ ಬರುತ್ತೆ, ಅದರಲ್ಲೂ ದಶಮಾಂಶ ಕೊಟ್ರೆ ತಪ್ಪಿಲ್ಲ ಅಲ್ವಾ? (ಒಬ್ಬ ನೌಕರ)

ಉತ್ತರ: ತಪ್ಪು. ಬೈಬಲ್‌ನಲ್ಲಿ ಬರೋ ಸುಂಕದವ ಜಕ್ಕಾಯ ಯೇಸುವಿನ ಮುಂದೆ ನಿಂತಾಗ ದೇವಾಲಯಕ್ಕೆ ಹತ್ತರಲ್ಲೊಂದು ಪಾಲು ಕೊಡ್ತೀನಿ ಅನ್ನಲಿಲ್ಲ, ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡಿದ್ದನ್ನ ಯಾರಿಂದ ಕಿತ್ತುಕೊಂಡೆನೋ ಅವರಿಗೇ ನಾಲ್ಕರಷ್ಟು ಅಂದ. ಒಂದು ಸಹಿಗೋಸ್ಕರ ನಿಮ್ಮ ಟೇಬಲ್ ಮುಂದೆ ಮೂರು ಸಲ ಬಂದು ನಿಂತ ಮುದುಕ ಯಾವ ಊರಿನವನು ಅಂತ ಫೈಲಲ್ಲೇ ಇರುತ್ತೆ, ಮೊದಲು ಅವನ ದುಡ್ಡು ಅವನಿಗೆ ಕೊಟ್ಟು ಬನ್ನಿ.